ಸಕ್ಕರೆಯಿಂದ ಮಾರ್ಜಕ: ಆಲ್ಕೈಲ್ ಗ್ಲುಕೋಸೈಡುಗಳ ನೂರು ವರ್ಷಗಳ ಇತಿಹಾಸ

ಪೀಠಿಕೆ

ನೀರು ಮತ್ತು ಎಣ್ಣೆ ಒಂದರೊಡನೊಂದು ಬೆರೆಯುವುದಿಲ್ಲ. ಬಟ್ಟೆಗೆ, ಪಾತ್ರೆಗೆ, ಮೈಗೆ ಅಂಟಿದ ಜಿಡ್ಡನ್ನು ಬರಿಯ ನೀರು ತೆಗೆಯಲಾರದಿರುವುದಕ್ಕೆ ಇದೇ ಕಾರಣ. ಈ ಎರಡರ ನಡುವೆ ಸಂಧಾನ ಮಾಡಬಲ್ಲ ವಸ್ತುಗಳನ್ನು ರಸಾಯನಶಾಸ್ತ್ರದಲ್ಲಿ ಮೇಲ್ಮೈಕಾರಕಗಳು ಅಥವಾ ಸರ್ಫ್ಯಾಕ್ಟಂಟುಗಳು ಎನ್ನುತ್ತಾರೆ. ಇವುಗಳ ಅಣುವಿಗೆ ಎರಡು ಭಾಗಗಳಿವೆ. ಒಂದು, ನೀರನ್ನು ಬಯಸುವ ತಲೆ. ಇನ್ನೊಂದು, ನೀರನ್ನು ತೊರೆದು ಜಿಡ್ಡನ್ನು ಹಿಡಿಯುವ ಉದ್ದನೆಯ ಬಾಲ. ಬಾಲಗಳು ಜಿಡ್ಡಿನೊಳಗೆ ನೆಟ್ಟುಕೊಂಡು, ತಲೆಗಳು ನೀರಿನ ಕಡೆಗೆ ಮುಖಮಾಡಿ ನಿಂತಾಗ ಜಿಡ್ಡು ಸಣ್ಣ ಸಣ್ಣ ಹನಿಗಳಾಗಿ ಒಡೆದು ನೀರಿನೊಡನೆ ಹರಿದುಹೋಗುತ್ತದೆ.

ಸಾಬೂನಿನ ಅಣುವಿನಲ್ಲಿ ತಲೆಯ ಕೆಲಸವನ್ನು ಮೇದಾಮ್ಲದ ಸೋಡಿಯಂ ಲವಣದ ತುದಿ ಮಾಡುತ್ತದೆ. ಬಟ್ಟೆ ಒಗೆಯುವ ಪುಡಿಗಳಲ್ಲಿ ಅದು ಸಾಮಾನ್ಯವಾಗಿ ಗಂಧಕವನ್ನುಳ್ಳ ಸಲ್ಫೊನೇಟ್ ಗುಂಪು. ಈ ತಲೆಯ ಸ್ಥಾನದಲ್ಲಿ ಸಸ್ಯಜನ್ಯ ಸಕ್ಕರೆಯನ್ನು ಇರಿಸಿದರೆ ದೊರೆಯುವ ವರ್ಗವೇ ಸಕ್ಕರೆ ಮೂಲದ ಮೇಲ್ಮೈಕಾರಕಗಳು. ಇವುಗಳಲ್ಲಿ ಆಲ್ಕೈಲ್ ಪಾಲಿಗ್ಲುಕೋಸೈಡುಗಳು ಕೈಗಾರಿಕಾ ದೃಷ್ಟಿಯಿಂದ ಪ್ರಮುಖವಾದವು. ಇವುಗಳನ್ನು ‘ಹಸಿರು ರಸಾಯನ’ದ ಹೊಸ ಆವಿಷ್ಕಾರಗಳೆಂದು ಪರಿಚಯಿಸುವುದು ವಾಡಿಕೆ. ಆದರೆ ಇತಿಹಾಸವನ್ನು ಪರಿಶೀಲಿಸಿದಾಗ ಬೇರೆಯೇ ಚಿತ್ರ ದೊರೆಯುತ್ತದೆ. ಇವುಗಳ ಮೂಲ ರಾಸಾಯನಿಕ ಕ್ರಿಯೆ ೧೮೯೩ರಲ್ಲಿಯೇ ತಿಳಿದಿತ್ತು. ದೊಡ್ಡ ಪ್ರಮಾಣದ ಕಾರ್ಖಾನೆ ಕೆಲಸ ಆರಂಭಿಸಿದ್ದು ೧೯೯೨ರಲ್ಲಿ. ಈ ನೂರು ವರ್ಷಗಳ ವಿಳಂಬಕ್ಕೆ ಕಾರಣಗಳೇನು, ಮತ್ತು ‘ಸುಸ್ಥಿರ’ ಎಂಬ ವಿಶೇಷಣವನ್ನು ಈ ವಸ್ತುಗಳಿಗೆ ಎಷ್ಟರಮಟ್ಟಿಗೆ ಅನ್ವಯಿಸಬಹುದು ಎಂಬುದು ಪ್ರಸ್ತುತ ಪ್ರಬಂಧದ ವಿಷಯ.

ನೊರೆಕಾಯಿಯ ಪರಂಪರೆ

ಸಕ್ಕರೆಯ ತಲೆಯುಳ್ಳ ಮೇಲ್ಮೈಕಾರಕಗಳನ್ನು ಮನುಷ್ಯ ತಯಾರಿಸುವುದಕ್ಕೆ ಎಷ್ಟೋ ಮೊದಲು ಸಸ್ಯಗಳು ತಯಾರಿಸಿದ್ದವು. ಕನ್ನಡನಾಡಿನಲ್ಲಿ ಎಣ್ಣೆಸ್ನಾನಕ್ಕೆ ಬಳಸುತ್ತ ಬಂದಿರುವ ಸೀಗೆಕಾಯಿ, ಒಡವೆಗಳನ್ನೂ ರೇಷ್ಮೆ ಉಣ್ಣೆಯ ವಸ್ತ್ರಗಳನ್ನೂ ತೊಳೆಯಲು ಬಳಸುವ ಅಂಟುವಾಳಕಾಯಿ ಇವೆರಡೂ ಇದಕ್ಕೆ ಉತ್ತಮ ನಿದರ್ಶನಗಳು. ಸಂಸ್ಕೃತದಲ್ಲಿ ಅಂಟುವಾಳಕ್ಕೆ ‘ಅರಿಷ್ಟ’ ಎಂದೂ, ನೊರೆಯುಳ್ಳದ್ದು ಎಂಬ ಅರ್ಥದಲ್ಲಿ ‘ಫೇನಿಲ’ ಎಂದೂ ಹೆಸರಿದೆ. ಅಮರಕೋಶವು ಈ ಎರಡು ಹೆಸರುಗಳನ್ನು ಪರ್ಯಾಯ ಪದಗಳಾಗಿ ನೀಡುತ್ತದೆ. ಮನುಸ್ಮೃತಿಯ ಐದನೆಯ ಅಧ್ಯಾಯದಲ್ಲಿ ವಸ್ತ್ರಶುದ್ಧಿಯನ್ನು ವಿವರಿಸುವಾಗ ರೇಷ್ಮೆ ಮತ್ತು ಉಣ್ಣೆಗೆ ಚೌಳು ಮಣ್ಣನ್ನೂ ಕಂಬಳಿಗಳಿಗೆ ಅರಿಷ್ಟವನ್ನೂ ಹೇಳಲಾಗಿದೆ. ಯಾವ ವಸ್ತ್ರಕ್ಕೆ ಯಾವ ಶೋಧಕವೆಂಬ ವಿವೇಚನೆ ಪ್ರಾಚೀನ ಕಾಲದಲ್ಲಿಯೇ ಬೆಳೆದಿತ್ತೆಂಬುದಕ್ಕೆ ಇದು ಆಧಾರ. ಐರೋಪ್ಯ ಸಸ್ಯಶಾಸ್ತ್ರಜ್ಞರು ಈ ಮರದ ಕುಲಕ್ಕೆ ಇಟ್ಟ ‘ಸಪಿಂಡಸ್’ ಎಂಬ ಹೆಸರು ‘ಭಾರತದ ಸಾಬೂನು’ ಎಂಬರ್ಥದ ಲ್ಯಾಟಿನ್ ಪದಗಳ ಸಂಕ್ಷಿಪ್ತ ರೂಪ.

ಈ ಕಾಯಿಗಳ ನೊರೆಗೆ ಕಾರಣವಾದ ವಸ್ತುಗಳು ಸಪೋನಿನ್‌ಗಳು. ಅಂಟುವಾಳದ ಸಪೋನಿನ್‌ನಲ್ಲಿ ಹೆಡೆರಜೆನಿನ್ ಎಂಬ ಎಣ್ಣೆಯ ಸ್ವಭಾವದ ಭಾಗಕ್ಕೆ ಅರಬಿನೋಸ್, ರ‍್ಯಾಮ್ನೋಸ್, ಝೈಲೋಸ್ ಮೊದಲಾದ ಸಕ್ಕರೆಗಳು ಸರಪಳಿಯಂತೆ ಜೋಡಣೆಗೊಂಡಿರುತ್ತವೆ. ಸಕ್ಕರೆಯ ಭಾಗ ನೀರನ್ನು ಹಿಡಿದರೆ ಉಳಿದ ಭಾಗ ಜಿಡ್ಡನ್ನು ಹಿಡಿಯುತ್ತದೆ. ಸಾಬೂನಿನಂತೆ ಇವು ಕ್ಷಾರಗುಣವುಳ್ಳವಲ್ಲ. ಗಡಸು ನೀರಿನ ಸುಣ್ಣದಂಶದೊಡನೆ ಸೇರಿ ಗಸಿಯಾಗುವುದೂ ಇಲ್ಲ. ಉಣ್ಣೆ ಮತ್ತು ರೇಷ್ಮೆಯಂತಹ ನವಿರಾದ ಎಳೆಗಳಿಗೆ ಇವು ಒಗ್ಗಿದ್ದಕ್ಕೆ ಇದೇ ಕಾರಣ.

ಆದರೆ ನಿಸರ್ಗದಿಂದ ಬಂದದ್ದೆಲ್ಲ ನಿರಪಾಯವೆಂಬ ತೀರ್ಮಾನಕ್ಕೆ ಈ ಪರಂಪರೆ ಪುಷ್ಟಿ ನೀಡುವುದಿಲ್ಲ. ಸಪೋನಿನ್ ಇರುವ ಕಾಯಿ ತೊಗಟೆಗಳನ್ನು ಜಜ್ಜಿ ನೀರಿಗೆ ಹಾಕಿ ಮೀನುಗಳಿಗೆ ಮತ್ತು ಬರಿಸಿ ಹಿಡಿಯುವ ಪದ್ಧತಿ ಭಾರತವೂ ಸೇರಿದಂತೆ ಅನೇಕ ದೇಶಗಳಲ್ಲಿ ಇತ್ತು. ಜಿಡ್ಡನ್ನು ಕರಗಿಸುವ ಗುಣವೇ ಮೀನಿನ ಕಿವಿರುಗಳ ಪೊರೆಗೂ ಹಾನಿ ಮಾಡುತ್ತದೆ. ಆದುದರಿಂದ ಒಂದು ಮಾರ್ಜಕದ ಯೋಗ್ಯತೆಯನ್ನು ಅಳೆಯುವಾಗ ಅದರ ಮೂಲದಷ್ಟೇ, ಬಳಕೆಯ ನಂತರ ನೀರಿನಲ್ಲಿ ಅದು ಎಷ್ಟು ಬೇಗ ಇಲ್ಲವಾಗುತ್ತದೆ ಎಂಬುದೂ ಮುಖ್ಯವಾಗುತ್ತದೆ.

ಫಿಷರ್ ಅವರ ಸಂಶೋಧನೆ

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಸಕ್ಕರೆಗಳ ರಚನೆಯನ್ನು ಬಿಡಿಸಿ ತೋರಿಸಿದ ಕೀರ್ತಿ ಜರ್ಮನಿಯ ಎಮಿಲ್ ಫಿಷರ್ (೧೮೫೨–೧೯೧೯) ಅವರದು. ೧೮೯೨ರಲ್ಲಿ ಬರ್ಲಿನ್ ವಿಶ್ವವಿದ್ಯಾಲಯಕ್ಕೆ ಬಂದ ಅವರು ಮರುವರ್ಷ, ಅಂದರೆ ೧೮೯೩ರಲ್ಲಿ, ಆಲ್ಕೊಹಾಲುಗಳ ಗ್ಲುಕೋಸೈಡುಗಳನ್ನು ಕುರಿತ ಲೇಖನವನ್ನು ಪ್ರಕಟಿಸಿದರು. ಗ್ಲುಕೋಸನ್ನು ಮೆಥನಾಲ್‌ನಲ್ಲಿ ಬೆರೆಸಿ ಹೈಡ್ರೋಜನ್ ಕ್ಲೋರೈಡ್ ಆಮ್ಲದ ನೆರವಿನಿಂದ ಇವೆರಡನ್ನೂ ಬಂಧಿಸಬಹುದೆಂದೂ, ಈ ಕ್ರಿಯೆಯಲ್ಲಿ ಹೊರಬೀಳುವುದು ನೀರು ಮಾತ್ರವೆಂದೂ ಅವರು ತೋರಿಸಿದರು. ಇದಕ್ಕೆ ಇಂದಿಗೂ ‘ಫಿಷರ್ ಗ್ಲೈಕೋಸೈಡೀಕರಣ’ ಎಂಬ ಹೆಸರಿದೆ. ಸಕ್ಕರೆ ಮತ್ತು ಪ್ಯೂರಿನ್‌ಗಳ ಸಂಶ್ಲೇಷಣೆಗಾಗಿ ಅವರಿಗೆ ೧೯೦೨ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು.

ಫಿಷರ್ ಅವರ ಉದ್ದೇಶ ಮಾರ್ಜಕದ ತಯಾರಿಕೆಯಾಗಿರಲಿಲ್ಲ; ಸಸ್ಯಗಳಲ್ಲಿ ಕಂಡುಬರುವ ಗ್ಲುಕೋಸೈಡುಗಳ ಸ್ವರೂಪವನ್ನು ಅರಿಯುವುದಾಗಿತ್ತು. ಮೀಥೈಲ್ ಗ್ಲುಕೋಸೈಡಿನ ಬಾಲದಲ್ಲಿ ಒಂದೇ ಒಂದು ಇಂಗಾಲದ ಪರಮಾಣು ಇರುವುದರಿಂದ ಅದು ನೀರಿನಲ್ಲಿ ಕರಗುವುದೇ ಹೊರತು ಜಿಡ್ಡನ್ನು ಹಿಡಿಯದು. ಮೇಲ್ಮೈಕಾರಕವಾಗಬೇಕಾದರೆ ಬಾಲದಲ್ಲಿ ಎಂಟರಿಂದ ಹದಿನಾರರವರೆಗೆ ಇಂಗಾಲಗಳಿರಬೇಕು. ೧೯೧೧ರಲ್ಲಿ ಫಿಷರ್ ಮತ್ತು ಬರ್ಕ್‌ಹಾರ್ಟ್ ಹೆಲ್ಫೆರಿಚ್ ಅವರು ಹದಿನಾರು ಇಂಗಾಲಗಳ ಬಾಲವುಳ್ಳ ಗ್ಲುಕೋಸೈಡನ್ನು ವರ್ಣಿಸಿದರು. ಬಿಸಿ ಮಾಡಿದಾಗ ಅದು ಎರಡು ಹಂತಗಳಲ್ಲಿ ಕರಗುವುದನ್ನು ಗಮನಿಸಿದರು. ತಲೆ ಒಂದು ಸ್ವಭಾವ, ಬಾಲ ಇನ್ನೊಂದು ಸ್ವಭಾವ ಎಂಬ ದ್ವಂದ್ವದಿಂದ ಉಂಟಾಗುವ ದ್ರವಸ್ಫಟಿಕ ಸ್ಥಿತಿಯೇ ಇದಕ್ಕೆ ಕಾರಣವೆಂದು ಮುಂದಿನ ಪೀಳಿಗೆಯ ವಿಜ್ಞಾನಿಗಳು ವಿವರಿಸಿದರು. ಹೀಗೆ ಅಣು ಕೈಗೆ ಬಂದಿತ್ತು. ಅದಕ್ಕೆ ಬೇಡಿಕೆ ಇರಲಿಲ್ಲ.

ಯುದ್ಧ ಮತ್ತು ಕೊಬ್ಬಿನ ಅಭಾವ

ಸಾಬೂನಿಗೆ ಬೇಕಾದ ಎಣ್ಣೆ ಕೊಬ್ಬುಗಳು ಆಹಾರವೂ ಹೌದು. ಮೊದಲನೆಯ ಮಹಾಯುದ್ಧದಲ್ಲಿ ಸಮುದ್ರ ದಿಗ್ಬಂಧನಕ್ಕೆ ಒಳಗಾದ ಜರ್ಮನಿಯಲ್ಲಿ ಈ ಎರಡು ಬಳಕೆಗಳ ನಡುವಣ ಸ್ಪರ್ಧೆ ತೀವ್ರವಾಯಿತು. ಬಿಎಎಸ್ಎಫ್ ಸಂಸ್ಥೆಯ ರಸಾಯನಜ್ಞರು ಕಲ್ಲಿದ್ದಲಿನ ಟಾರಿನಿಂದ ದೊರೆಯುವ ನ್ಯಾಫ್ತಲೀನನ್ನು ಬಳಸಿ ‘ನೇಕಲ್’ ಎಂಬ ಕೃತಕ ಪದಾರ್ಥವನ್ನು ತಯಾರಿಸಿದರು. ಕೊಬ್ಬಿಲ್ಲದೆಯೂ ಮೇಲ್ಮೈಕಾರಕವನ್ನು ಮಾಡಬಹುದೆಂಬ ಅರಿವು ಕೈಗಾರಿಕೆಗೆ ಬಂದದ್ದು ಹೀಗೆ.

ಇದೇ ಯುದ್ಧವು ಮೈಸೂರು ಸಂಸ್ಥಾನದಲ್ಲಿ ವಿರುದ್ಧ ದಿಕ್ಕಿನ ಪರಿಣಾಮವನ್ನು ಉಂಟುಮಾಡಿದುದನ್ನು ಇಲ್ಲಿ ಗಮನಿಸಬಹುದು. ಯುದ್ಧಪೂರ್ವದಲ್ಲಿ ಮೈಸೂರಿನ ಶ್ರೀಗಂಧದ ಮರ ಜರ್ಮನಿಗೆ ರಫ್ತಾಗಿ ಅಲ್ಲಿ ಎಣ್ಣೆಯಾಗುತ್ತಿತ್ತು. ೧೯೧೪ರಲ್ಲಿ ಆ ಮಾರುಕಟ್ಟೆ ಮುಚ್ಚಿದಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ, ೧೯೧೬ರಲ್ಲಿ ಬೆಂಗಳೂರಿನಲ್ಲಿಯೇ ಗಂಧದೆಣ್ಣೆಯ ಕಾರ್ಖಾನೆ ಆರಂಭವಾಯಿತು. ಎಸ್. ಜಿ. ಶಾಸ್ತ್ರಿಯವರ ಪರಿಶ್ರಮದಿಂದ ಅದರ ಬೆನ್ನಿಗೇ ಸಾಬೂನು ಕಾರ್ಖಾನೆಯೂ ಬಂದಿತು. ಜರ್ಮನಿಯಲ್ಲಿ ಕೊಬ್ಬಿನ ಅಭಾವವು ಕೃತಕ ಮಾರ್ಜಕಕ್ಕೆ ದಾರಿ ಮಾಡಿದರೆ, ಮೈಸೂರಿನಲ್ಲಿ ಎಣ್ಣೆಯ ಒತ್ತಟ್ಟು ಸಸ್ಯಮೂಲದ ಸಾಬೂನಿಗೆ ದಾರಿ ಮಾಡಿತು. ಕಚ್ಚಾವಸ್ತುವಿನ ಲಭ್ಯತೆಯೇ ತಂತ್ರಜ್ಞಾನದ ದಿಕ್ಕನ್ನು ನಿರ್ಧರಿಸುತ್ತದೆ ಎಂಬುದಕ್ಕೆ ಎರಡೂ ಸಾಕ್ಷಿ.

೧೯೨೦ರ ದಶಕದ ಕೊನೆಯ ವೇಳೆಗೆ ಕೊಬ್ಬರಿ ಎಣ್ಣೆಯಂತಹ ತೈಲಗಳನ್ನು ಅಧಿಕ ಒತ್ತಡದಲ್ಲಿ ಹೈಡ್ರೋಜನ್ನಿನೊಡನೆ ವರ್ತಿಸುವಂತೆ ಮಾಡಿ ಮೇದೋ ಆಲ್ಕೊಹಾಲುಗಳನ್ನು ಪಡೆಯುವ ವಿಧಾನ ರೂಪುಗೊಂಡಿತು. ಫಿಷರ್ ಅವರ ಕ್ರಿಯೆಗೆ ಬೇಕಾಗಿದ್ದ ಉದ್ದನೆಯ ಬಾಲ ಈಗ ಪೀಪಾಯಿಗಳಲ್ಲಿ ದೊರೆಯುವಂತಾಯಿತು. ಕೆಮ್ನಿಟ್ಸ್ ನಗರದ ಬೋಮೆ ಸಂಸ್ಥೆಯು ೧೯೩೨ರಲ್ಲಿ ಮೇದೋ ಆಲ್ಕೊಹಾಲಿನ ಸಲ್ಫೇಟನ್ನು ಆಧರಿಸಿದ ‘ಫೇವಾ’ ಎಂಬ ಮಾರ್ಜಕವನ್ನು ಮಾರುಕಟ್ಟೆಗೆ ತಂದಿತು. ಆಲ್ಕೈಲ್ ಗ್ಲುಕೋಸೈಡುಗಳನ್ನು ಮಾರ್ಜಕಗಳಲ್ಲಿ ಬಳಸುವುದನ್ನು ಕುರಿತ ಮೊದಲ ಪೇಟೆಂಟುಗಳೂ ೧೯೩೦ರ ದಶಕದಲ್ಲಿ ಇದೇ ಸಂಸ್ಥೆಗೆ ಸಂದವು. ಆದರೆ ಸಲ್ಫೇಟನ್ನು ತಯಾರಿಸುವುದು ಸುಲಭ, ಗ್ಲುಕೋಸೈಡನ್ನು ತಯಾರಿಸುವುದು ಕಷ್ಟ. ಪೇಟೆಂಟುಗಳು ಕಡತದಲ್ಲಿಯೇ ಉಳಿದವು.

ಪೆಟ್ರೋಲಿಯಂ ಯುಗ ಮತ್ತು ನದಿಗಳ ನೊರೆ

ಎರಡನೆಯ ಮಹಾಯುದ್ಧದ ನಂತರ ಪೆಟ್ರೋಲಿಯಂ ಶುದ್ಧೀಕರಣದ ಉಪೋತ್ಪನ್ನವಾದ ಪ್ರೊಪಿಲೀನಿನ ನಾಲ್ಕು ಅಣುಗಳನ್ನು ಜೋಡಿಸಿ, ಬೆನ್ಜೀನಿಗೆ ಕೂಡಿಸಿ, ಸಲ್ಫೊನೇಟ್ ಮಾಡಿದ ಮಾರ್ಜಕ ಅತ್ಯಂತ ಅಗ್ಗವಾಗಿ ದೊರೆಯತೊಡಗಿತು. ಯುರೋಪು ಅಮೆರಿಕಗಳಲ್ಲಿ ಬಟ್ಟೆ ತೊಳೆಯುವ ಯಂತ್ರಗಳ ಪ್ರಸಾರವೂ ಇದರ ಜೊತೆಗೂಡಿತು. ಭಾರತದಲ್ಲಿ ಪುಡಿ ಮಾರ್ಜಕಗಳ ಯುಗ ೧೯೫೯ರಲ್ಲಿ ‘ಸರ್ಫ್’ ಬಂದ ಮೇಲೆ ಆರಂಭವಾಗಿ, ೧೯೬೯ರಲ್ಲಿ ಪ್ರಾರಂಭವಾದ ‘ನಿರ್ಮಾ’ದ ಮೂಲಕ ಬಡ, ಮಧ್ಯಮ ವರ್ಗದ ಮನೆಗಳಿಗೂ ತಲುಪಿತು.

ಪ್ರೊಪಿಲೀನಿನಿಂದ ಮಾಡಿದ ಬಾಲದಲ್ಲಿ ಕವಲುಗಳಿದ್ದವು. ನೀರಿನ ಬ್ಯಾಕ್ಟೀರಿಯಾಗಳು ನೇರವಾದ ಇಂಗಾಲದ ಸರಪಳಿಯನ್ನು ತುದಿಯಿಂದ ಕತ್ತರಿಸುತ್ತ ಹೋಗಬಲ್ಲವು. ಕವಲುಗಳು ಅಡ್ಡ ಬಂದಾಗ ಅವುಗಳ ಕೆಲಸ ನಿಂತುಹೋಗುತ್ತದೆ. ಪರಿಣಾಮವಾಗಿ ೧೯೫೦ರ ದಶಕದಲ್ಲಿ ಜರ್ಮನಿ, ಇಂಗ್ಲೆಂಡ್, ಅಮೆರಿಕಗಳ ನದಿಗಳಲ್ಲಿಯೂ ಚರಂಡಿ ನೀರಿನ ಶುದ್ಧೀಕರಣ ಕೇಂದ್ರಗಳಲ್ಲಿಯೂ ನೊರೆಯ ಗುಡ್ಡೆಗಳು ಕಾಣಿಸಿಕೊಂಡವು. ಪಶ್ಚಿಮ ಜರ್ಮನಿಯು ೧೯೬೧ರಲ್ಲಿ ಮಾರ್ಜಕ ಕಾಯಿದೆಯನ್ನು ಜಾರಿಗೊಳಿಸಿ, ೧೯೬೪ರ ಅಕ್ಟೋಬರಿನಿಂದ ಶೇಕಡ ೮೦ರಷ್ಟಾದರೂ ವಿಘಟನೆ ಹೊಂದುವ ಮಾರ್ಜಕಗಳನ್ನೇ ಬಳಸಬೇಕೆಂದು ವಿಧಿಸಿತು. ಅಮೆರಿಕದ ಉತ್ಪಾದಕರು ೧೯೬೫ರಲ್ಲಿ ಕವಲುಬಾಲವನ್ನು ಕೈಬಿಟ್ಟು ನೇರಬಾಲದ ಆಲ್ಕೈಲ್ ಬೆನ್ಜೀನ್ ಸಲ್ಫೊನೇಟಿಗೆ ಬದಲಾದರು.

ಈ ಘಟನೆ ಎರಡು ರೀತಿಯಲ್ಲಿ ಮಹತ್ವದ್ದು. ಮಾರ್ಜಕವೊಂದರ ಜೀವನವು ಬಟ್ಟೆ ಒಣಗಿದೊಡನೆ ಮುಗಿಯುವುದಿಲ್ಲ ಎಂಬ ಅರಿವು ಕಾನೂನಿನ ರೂಪ ಪಡೆದದ್ದು ಇಲ್ಲಿಯೇ ಮೊದಲು. ಆದರೆ ಪೆಟ್ರೋಲಿಯಂ ಮೂಲದ ನೇರಬಾಲವೇ ಆ ಕಾನೂನನ್ನು ಪೂರೈಸಿದುದರಿಂದ ಸಕ್ಕರೆಯ ಕಡೆಗೆ ತಿರುಗುವ ಅಗತ್ಯವೂ ಆಗ ತಪ್ಪಿಹೋಯಿತು.

ಸಕ್ಕರೆಯ ಇತರ ಪ್ರಯೋಗಗಳು ಈ ನಡುವೆ ನಿಂತಿರಲಿಲ್ಲ. ೧೯೫೦ರ ದಶಕದಲ್ಲಿ ಅಮೆರಿಕದ ಸಕ್ಕರೆ ಉದ್ಯಮದ ಬೆಂಬಲದಿಂದ, ಕಬ್ಬಿನ ಸಕ್ಕರೆಯನ್ನೇ ಮೇದಾಮ್ಲಕ್ಕೆ ಜೋಡಿಸುವ ಸಂಶೋಧನೆ ನಡೆಯಿತು. ಸಕ್ಕರೆ ಮತ್ತು ಕೊಬ್ಬು ಎರಡನ್ನೂ ಕರಗಿಸಬಲ್ಲ ದ್ರಾವಕವಾಗಿ ಬಳಸಿದ ಡೈಮೀಥೈಲ್ ಫಾರ್ಮಮೈಡ್ ವಿಷಕಾರಿಯಾದುದರಿಂದ ಅದರ ಶೇಷವನ್ನು ತೆಗೆಯುವುದು ಸಮಸ್ಯೆಯಾಯಿತು. ಜಪಾನ್ ಈ ಸುಕ್ರೋಸ್ ಎಸ್ಟರುಗಳಿಗೆ ೧೯೫೯ರಲ್ಲಿ ಆಹಾರದ ಸೇರ್ಪಡೆಯಾಗಿ ಮಾನ್ಯತೆ ನೀಡಿತು. ಆದರೆ ಅವು ಆಹಾರ ಮತ್ತು ಸೌಂದರ್ಯವರ್ಧಕಗಳ ಕ್ಷೇತ್ರದಲ್ಲಿಯೇ ಉಳಿದವು. ಒಗೆಯುವ ಕಲ್ಲಿನವರೆಗೆ ಬರಲಿಲ್ಲ.

ಪ್ರಯೋಗಶಾಲೆಯಿಂದ ಕಾರ್ಖಾನೆಗೆ

ಗ್ಲುಕೋಸೈಡಿನ ತಯಾರಿಕೆಯಲ್ಲಿದ್ದ ತೊಡಕನ್ನು ಸ್ವಲ್ಪ ವಿವರವಾಗಿ ನೋಡುವುದು ಅಗತ್ಯ. ಮೆಥನಾಲ್‌ನಲ್ಲಿ ಗ್ಲುಕೋಸ್ ಸ್ವಲ್ಪಮಟ್ಟಿಗಾದರೂ ಕರಗುತ್ತದೆ. ಹನ್ನೆರಡು ಇಂಗಾಲಗಳ ಮೇದೋ ಆಲ್ಕೊಹಾಲಿನಲ್ಲಿ ಅದು ಕರಗುವುದೇ ಇಲ್ಲವೆನ್ನಬಹುದು. ಯಾವ ಎರಡನ್ನು ಬೆಸೆದರೆ ನೀರು ಮತ್ತು ಎಣ್ಣೆಗಳ ನಡುವೆ ಸೇತುವೆಯಾಗುವುದೋ, ಆ ಎರಡೇ ಒಂದರೊಡನೊಂದು ಬೆರೆಯಲು ಒಲ್ಲವು. ಇದು ಮೊದಲನೆಯ ತೊಡಕು. ಗ್ಲುಕೋಸಿನ ಅಣುವಿನಲ್ಲಿ ಐದು ಹೈಡ್ರಾಕ್ಸಿಲ್ ಗುಂಪುಗಳಿರುವುದರಿಂದ ಒಂದು ಗ್ಲುಕೋಸ್ ಇನ್ನೊಂದು ಗ್ಲುಕೋಸಿನೊಡನೆಯೂ ಸೇರಿಕೊಳ್ಳಬಲ್ಲದು. ಆಮ್ಲ ಮತ್ತು ಶಾಖ ಹೆಚ್ಚಾದರೆ ಸಕ್ಕರೆಗಳು ತಮ್ಮತಮ್ಮೊಳಗೇ ಹೆಣೆದುಕೊಂಡು ಅಂಟಂಟಾದ ಮುದ್ದೆಯಾಗುತ್ತವೆ; ಪಾಕ ಕಂದುಬಣ್ಣಕ್ಕೆ ತಿರುಗುತ್ತದೆ. ಇದು ಎರಡನೆಯದು. ಸಕ್ಕರೆಗೆ ಸಾಕಷ್ಟು ಬಾಲಗಳು ಸಿಗಲೆಂದು ಮೇದೋ ಆಲ್ಕೊಹಾಲನ್ನು ಹಲವು ಪಟ್ಟು ಹೆಚ್ಚಾಗಿ ಹಾಕಬೇಕು. ಕ್ರಿಯೆ ಮುಗಿದ ಮೇಲೆ ಉಳಿದದ್ದನ್ನು ಹೊರತೆಗೆಯಬೇಕು. ಈ ಆಲ್ಕೊಹಾಲು ಸಾಮಾನ್ಯ ಒತ್ತಡದಲ್ಲಿ ಕುದಿಯುವ ಉಷ್ಣತೆಗೆ ಸಕ್ಕರೆ ಸುಟ್ಟು ಕರಕಾಗುತ್ತದೆ. ಮೂರನೆಯದಾದ ಈ ತೊಡಕೇ ಅತ್ಯಂತ ದುಬಾರಿಯಾದದ್ದು.

ಎಪ್ಪತ್ತರ ದಶಕದ ಕೊನೆಯಲ್ಲಿ ಅಮೆರಿಕದ ರೋಮ್ ಅಂಡ್ ಹಾಸ್ ಸಂಸ್ಥೆಯು ಎಂಟು, ಹತ್ತು ಇಂಗಾಲಗಳ ಗಿಡ್ಡಬಾಲದ ಗ್ಲುಕೋಸೈಡುಗಳನ್ನು ಮೊದಲ ಬಾರಿಗೆ ವಾಣಿಜ್ಯ ಪ್ರಮಾಣದಲ್ಲಿ ಮಾರಾಟಕ್ಕೆ ತಂದಿತು. ಬಾಲ ಗಿಡ್ಡವಾದುದರಿಂದ ಆಲ್ಕೊಹಾಲನ್ನು ಬೇರ್ಪಡಿಸುವುದು ಸುಲಭವಾಗಿತ್ತು. ಆದರೆ ಜಿಡ್ಡು ತೆಗೆಯುವ ಶಕ್ತಿಯೂ ಕಡಿಮೆಯಾಗಿತ್ತು. ಕಾರ್ಖಾನೆಗಳ ಶುಚೀಕರಣದಂತಹ ಕೆಲವೇ ಬಳಕೆಗಳಿಗೆ ಅವು ಸೀಮಿತವಾದವು.

ಎಂಬತ್ತರ ದಶಕದಲ್ಲಿ ಹನ್ನೆರಡು, ಹದಿನಾಲ್ಕು ಇಂಗಾಲಗಳ ಬಾಲದ ಕಡೆಗೆ ಗಮನ ಹರಿಯಿತು. ಈ ಹಂತದಲ್ಲಿ ಮುಂದೆ ಬಂದದ್ದು ಸಾಬೂನಿನ ಸಂಸ್ಥೆಯಲ್ಲ, ಮುಸುಕಿನ ಜೋಳದಿಂದ ಪಿಷ್ಟವನ್ನು ತೆಗೆಯುತ್ತಿದ್ದ ಅಮೆರಿಕದ ಎ. ಇ. ಸ್ಟೇಲಿ ಸಂಸ್ಥೆ ಎಂಬುದು ಗಮನಾರ್ಹ. ಜೋಳದ ಪಿಷ್ಟದಿಂದ ದೊರೆಯುವ ಗ್ಲುಕೋಸಿಗೆ ಹೊಸ ಮಾರುಕಟ್ಟೆಯನ್ನು ಅರಸುತ್ತಿದ್ದ ಈ ಸಂಸ್ಥೆಯ ಹೊರೈಜನ್ ಎಂಬ ವಿಭಾಗವು ತಯಾರಿಕಾ ವಿಧಾನವನ್ನು ಬೆಳೆಸಿತು. ಮೇದೋ ಆಲ್ಕೊಹಾಲುಗಳಲ್ಲಿ ಪರಿಣತಿಯಿದ್ದ ಜರ್ಮನಿಯ ಹೆಂಕೆಲ್ ಸಂಸ್ಥೆ ದಶಕದ ಕೊನೆಯಲ್ಲಿ ಅದನ್ನು ಸ್ವಾಧೀನಪಡಿಸಿಕೊಂಡಿತು. ತಲೆ ಬಲ್ಲವರೂ ಬಾಲ ಬಲ್ಲವರೂ ಒಂದೆಡೆ ಸೇರಿದ ಮೇಲೆ ಕೆಲಸ ಮುಂದುವರಿಯಿತು.

ರೂಪುಗೊಂಡ ವಿಧಾನಗಳು ಎರಡು. ಮೊದಲನೆಯದರಲ್ಲಿ ಗ್ಲುಕೋಸನ್ನು ಬ್ಯುಟನಾಲ್‌ನಂತಹ ಗಿಡ್ಡ ಆಲ್ಕೊಹಾಲಿಗೆ ಜೋಡಿಸಿ, ಅನಂತರ ಆ ಗಿಡ್ಡಬಾಲವನ್ನು ತೆಗೆದು ಉದ್ದಬಾಲವನ್ನು ಕೂರಿಸಲಾಗುತ್ತದೆ. ಬ್ಯುಟೈಲ್ ಗ್ಲುಕೋಸೈಡ್ ಮೇದೋ ಆಲ್ಕೊಹಾಲಿನೊಡನೆ ಸುಲಭವಾಗಿ ಬೆರೆಯುವುದರಿಂದ ಮೊದಲ ತೊಡಕು ಪರಿಹಾರವಾಗುತ್ತದೆ. ಎರಡನೆಯದರಲ್ಲಿ ನುಣ್ಣನೆಯ ಗ್ಲುಕೋಸ್ ಪುಡಿಯನ್ನು ಮೇದೋ ಆಲ್ಕೊಹಾಲಿನಲ್ಲಿ ಕದಡಿ, ಆಮ್ಲವನ್ನು ಸೇರಿಸಿ, ಸುಮಾರು ೧೦೦ರಿಂದ ೧೨೦ ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ನೇರವಾಗಿ ಬೆಸೆಯಲಾಗುತ್ತದೆ. ಕಡಿಮೆ ಒತ್ತಡದಲ್ಲಿ ನೀರನ್ನು ಆವಿಯಾಗಿ ಹೊರಗೆಳೆಯುತ್ತಿದ್ದರೆ ಕ್ರಿಯೆ ಮುಂದೆ ಸಾಗುತ್ತದೆ. ಕೊನೆಗೆ ಆಮ್ಲವನ್ನು ಕ್ಷಾರದಿಂದ ಶಮನಗೊಳಿಸಿ, ಪಾಕವನ್ನು ನಿರ್ವಾತದಲ್ಲಿ ತೆಳುಪದರವಾಗಿ ಹರಿಯಬಿಟ್ಟು, ಉಳಿದ ಆಲ್ಕೊಹಾಲನ್ನು ಕ್ಷಣಮಾತ್ರದಲ್ಲಿ ಬಟ್ಟಿ ಇಳಿಸುತ್ತಾರೆ. ಸಕ್ಕರೆಗೆ ಸುಡಲು ಅವಕಾಶ ಸಿಗುವ ಮೊದಲೇ ಬೇರ್ಪಡೆ ಮುಗಿದಿರುತ್ತದೆ. ಹೀಗೆ ತೆಗೆದ ಆಲ್ಕೊಹಾಲು ಮತ್ತೆ ಕ್ರಿಯೆಗೆ ಮರಳುತ್ತದೆ. ಉಳಿದದ್ದನ್ನು ನೀರಿನಲ್ಲಿ ಕರಗಿಸಿ ಹೈಡ್ರೋಜನ್ ಪೆರಾಕ್ಸೈಡಿನಿಂದ ಬಣ್ಣ ತಿಳಿಗೊಳಿಸಿದರೆ ಮಾರಾಟಕ್ಕೆ ಸಿದ್ಧ. ಒಂದೊಂದು ಬಾಲಕ್ಕೆ ಸರಾಸರಿ ಒಂದೂವರೆಯಷ್ಟು ಗ್ಲುಕೋಸ್ ಘಟಕಗಳು ಅಂಟಿಕೊಂಡಿರುವುದರಿಂದಲೇ ‘ಪಾಲಿಗ್ಲುಕೋಸೈಡ್’ ಎಂಬ ಹೆಸರು ಬಂದಿದೆ.

ಹೆಂಕೆಲ್ ಸಂಸ್ಥೆಯ ವರ್ಷಕ್ಕೆ ೨೫,೦೦೦ ಟನ್ ಸಾಮರ್ಥ್ಯದ ಕಾರ್ಖಾನೆ ೧೯೯೨ರಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿಯೂ, ಅಷ್ಟೇ ಸಾಮರ್ಥ್ಯದ ಇನ್ನೊಂದು ೧೯೯೫ರಲ್ಲಿ ಜರ್ಮನಿಯ ಡುಸೆಲ್‌ಡಾರ್ಫಿನಲ್ಲಿಯೂ ಕೆಲಸ ಆರಂಭಿಸಿದವು. ಈ ವಿಭಾಗವು ೧೯೯೯ರಲ್ಲಿ ಕಾಗ್ನಿಸ್ ಎಂಬ ಪ್ರತ್ಯೇಕ ಸಂಸ್ಥೆಯಾಗಿ, ೨೦೧೦ರಲ್ಲಿ ಬಿಎಎಸ್ಎಫ್ ಸಂಸ್ಥೆಯ ವಶವಾಯಿತು. ಕೊಬ್ಬಿನ ಅಭಾವದಲ್ಲಿ ಕಲ್ಲಿದ್ದಲಿನ ಟಾರಿನಿಂದ ನೇಕಲ್ ತಯಾರಿಸಿದ್ದ ಸಂಸ್ಥೆಯೇ ಹೀಗೆ ಸಕ್ಕರೆ ಮೂಲದ ಮಾರ್ಜಕದ ದೊಡ್ಡ ಉತ್ಪಾದಕನಾಯಿತು.

ಸುಸ್ಥಿರತೆಯ ಪ್ರಶ್ನೆ

ಪಾಲಿಗ್ಲುಕೋಸೈಡುಗಳ ಗುಣಗಳು ವಿವಾದಾತೀತ. ಇವು ಚರ್ಮಕ್ಕೆ ಸೌಮ್ಯ. ಉತ್ತಮ ನೊರೆ ಕೊಡುತ್ತವೆ. ಗಡಸು ನೀರಿನಲ್ಲಿಯೂ ಕೆಲಸ ಮಾಡುತ್ತವೆ. ಆಮ್ಲಜನಕವಿರುವ ನೀರಿನಲ್ಲಿ ಮಾತ್ರವಲ್ಲದೆ ಆಮ್ಲಜನಕವಿಲ್ಲದ ಕೆಸರಿನಲ್ಲಿಯೂ ಬ್ಯಾಕ್ಟೀರಿಯಾಗಳು ಇವನ್ನು ಪೂರ್ತಿಯಾಗಿ ಒಡೆಯಬಲ್ಲವು. ನೇರಬಾಲದ ಸಲ್ಫೊನೇಟಿಗೆ ಮೊದಲನೆಯ ಗುಣವಿದೆ, ಎರಡನೆಯದು ಇಲ್ಲವೆನ್ನುವಷ್ಟು ಅಲ್ಪ. ೨೦೦೪ರ ಐರೋಪ್ಯ ಮಾರ್ಜಕ ನಿಯಮವು ಸಂಪೂರ್ಣ ವಿಘಟನೆಯನ್ನು ಕಡ್ಡಾಯಗೊಳಿಸಿದರೂ ಅದು ಆಮ್ಲಜನಕವಿರುವ ಸ್ಥಿತಿಗೆ ಮಾತ್ರ ಅನ್ವಯಿಸಿತು.

ಈ ವ್ಯತ್ಯಾಸ ಎಷ್ಟು ಮುಖ್ಯವೆಂಬುದಕ್ಕೆ ಬೆಂಗಳೂರಿನ ಬೆಳ್ಳಂದೂರು ಕೆರೆಯೇ ಉದಾಹರಣೆ. ೨೦೧೫ರ ಮೇ ತಿಂಗಳಿನಲ್ಲಿ ಈ ಕೆರೆಯ ನೊರೆಗೆ ಬೆಂಕಿ ಹತ್ತಿದ ಸುದ್ದಿ ದೇಶದ ಗಮನ ಸೆಳೆಯಿತು. ಶುದ್ಧೀಕರಿಸದ ಕೊಳಚೆ ನೀರಿನೊಡನೆ ಬಂದ ಮಾರ್ಜಕಗಳು ಆಮ್ಲಜನಕವಿಲ್ಲದ ಹೂಳಿನಲ್ಲಿ ಒಡೆಯದೆ ಶೇಖರಗೊಂಡು, ಜೋರು ಮಳೆಯಲ್ಲಿ ಹೂಳು ಕದಡಿದಾಗ ನೊರೆಯಾಗಿ ಮೇಲೇಳುತ್ತವೆ ಎಂಬುದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ತೋರಿಸಿದ್ದಾರೆ. ಸುಸಜ್ಜಿತ ಶುದ್ಧೀಕರಣ ಕೇಂದ್ರಗಳಿರುವ ನಗರಕ್ಕೆ ಸಾಲುವ ಮಾನದಂಡ, ಕೊಳಚೆ ನೇರವಾಗಿ ಕೆರೆ ಸೇರುವ ನಗರಕ್ಕೆ ಸಾಲದು.

ಇದರ ಇನ್ನೊಂದು ಮುಖವನ್ನೂ ಮರೆಯುವಂತಿಲ್ಲ. ಪಾಲಿಗ್ಲುಕೋಸೈಡಿನ ತೂಕದಲ್ಲಿ ಸುಮಾರು ಅರ್ಧ ಮಾತ್ರ ಸಕ್ಕರೆ. ಉಳಿದರ್ಧವಾದ ಬಾಲ ಬರುವುದು ಮುಖ್ಯವಾಗಿ ತೆಂಗಿನೆಣ್ಣೆ ಮತ್ತು ತಾಳೆಬೀಜದ ಎಣ್ಣೆಯಿಂದ. ಇಂಡೋನೇಷ್ಯಾ, ಮಲೇಷ್ಯಾಗಳಲ್ಲಿ ತಾಳೆ ತೋಟಗಳಿಗಾಗಿ ಮಳೆಕಾಡುಗಳು ನಾಶವಾದ ಸಂಗತಿ ಸರ್ವವಿದಿತ. ಕಚ್ಚಾವಸ್ತು ಸಸ್ಯಮೂಲದ್ದು ಎಂಬ ಒಂದೇ ಕಾರಣದಿಂದ ಅದನ್ನು ಸುಸ್ಥಿರವೆನ್ನಲಾಗದು. ಸೂಕ್ಷ್ಮಜೀವಿಗಳ ಹುದುಗುವಿಕೆಯಿಂದ ತಲೆ ಬಾಲಗಳೆರಡನ್ನೂ ಪಡೆಯುವ ಪ್ರಯತ್ನ ಈ ದೃಷ್ಟಿಯಿಂದ ಆಶಾದಾಯಕ. ೧೯೪೯ರಲ್ಲಿ ಬ್ಯಾಕ್ಟೀರಿಯಾವೊಂದರಿಂದ ಬೇರ್ಪಡಿಸಿ ವರ್ಣಿಸಲಾದ ರ‍್ಯಾಮ್ನೋಲಿಪಿಡ್ ಎಂಬ ಮೇಲ್ಮೈಕಾರಕವನ್ನು ಸಕ್ಕರೆಯಿಂದ ಬೃಹತ್ ಪ್ರಮಾಣದಲ್ಲಿ ತಯಾರಿಸುವ ಎವೋನಿಕ್ ಸಂಸ್ಥೆಯ ಕಾರ್ಖಾನೆ ೨೦೨೪ರಲ್ಲಿ ಸ್ಲೊವಾಕಿಯಾದಲ್ಲಿ ಆರಂಭವಾಯಿತು. ಇದರ ತಲೆಯಲ್ಲಿರುವ ಸಕ್ಕರೆ, ಅಂಟುವಾಳದ ಸಪೋನಿನ್‌ನಲ್ಲಿಯೂ ಇರುವ ರ‍್ಯಾಮ್ನೋಸ್. ಇಲ್ಲಿಯೂ ಆವಿಷ್ಕಾರಕ್ಕೂ ಕೈಗಾರಿಕೆಗೂ ನಡುವೆ ಮುಕ್ಕಾಲು ಶತಮಾನ ಕಳೆದಿದೆ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಸಕ್ಕರೆಯಿಂದ ಮಾರ್ಜಕವನ್ನು ಮಾಡುವ ಜ್ಞಾನ ೧೮೯೩ರಿಂದಲೂ ಇತ್ತು. ಅದು ಬಳಕೆಗೆ ಬರಲು ಅಗ್ಗದ ಗ್ಲುಕೋಸ್, ಹೇರಳವಾದ ಮೇದೋ ಆಲ್ಕೊಹಾಲು, ನಿರ್ವಾತದಲ್ಲಿ ಬಟ್ಟಿ ಇಳಿಸುವ ಯಂತ್ರಕೌಶಲ ಮತ್ತು ಸೌಮ್ಯವಾದ, ಪರಿಸರಕ್ಕೆ ಒಗ್ಗುವ ವಸ್ತುವನ್ನು ಬಯಸುವ ಬಳಕೆದಾರ ಸಮಾಜ ಈ ನಾಲ್ಕೂ ಒಂದೇ ಕಾಲದಲ್ಲಿ ಕೂಡಿಬರಬೇಕಾಯಿತು. ಪೆಟ್ರೋಲಿಯಂ ಅಗ್ಗವಾಗಿದ್ದ ದಶಕಗಳಲ್ಲಿ ಪೇಟೆಂಟುಗಳು ಕಡತದಲ್ಲಿ ಮಲಗಿದ್ದವು. ನದಿಗಳ ನೊರೆಯೂ ಅವುಗಳನ್ನು ಎಬ್ಬಿಸಲಿಲ್ಲ, ಏಕೆಂದರೆ ಕಾನೂನು ಕೇಳಿದಷ್ಟನ್ನು ಮಾತ್ರ ಉದ್ಯಮ ಪೂರೈಸಿತು. ತಂತ್ರಜ್ಞಾನದ ಇತಿಹಾಸದಲ್ಲಿ ಕಾನೂನು ಯಾವ ಪ್ರಶ್ನೆಯನ್ನು ಕೇಳುತ್ತದೆ ಎಂಬುದು ವಿಜ್ಞಾನಿಯ ಆವಿಷ್ಕಾರದಷ್ಟೇ ನಿರ್ಣಾಯಕ.

ಕರ್ನಾಟಕದ ಸಂದರ್ಭದಲ್ಲಿ ಈ ಪ್ರಶ್ನೆಗೆ ವಿಶೇಷ ಅರ್ಥವಿದೆ. ದಾವಣಗೆರೆ, ಹಾವೇರಿಗಳ ಬಯಲಿನಲ್ಲಿ ಮುಸುಕಿನ ಜೋಳ ಬೆಳೆಯುತ್ತದೆ; ತಿಪಟೂರಿನ ಕೊಬ್ಬರಿ ಹೆಸರಾಗಿದೆ. ತಲೆ ಬಾಲಗಳೆರಡರ ಕಚ್ಚಾವಸ್ತುವೂ ನಾಡಿನಲ್ಲಿಯೇ ಇದೆ. ಜೊತೆಗೆ, ಮಾರ್ಜಕದ ಅಂತಿಮ ನೆಲೆಯಾದ ಕೆರೆಗಳ ದುರವಸ್ಥೆಯೂ ಕಣ್ಣೆದುರಿಗಿದೆ. 'ಆಮ್ಲಜನಕವಿಲ್ಲದ ಹೂಳಿನಲ್ಲಿ ಈ ವಸ್ತು ಒಡೆಯುವುದೇ?' ಎಂಬ ಪ್ರಶ್ನೆಯನ್ನು ಮಾರ್ಜಕದ ಗುಣಮಟ್ಟವನ್ನು ನಿರ್ಧರಿಸುವ ನಿಯಮಗಳು ಕೇಳತೊಡಗಿದಾಗ ಸಕ್ಕರೆ ಮೂಲದ ಮೇಲ್ಮೈಕಾರಕಗಳಿಗೆ ಅವುಗಳ ಯೋಗ್ಯ ಸ್ಥಾನ ದೊರೆಯುವುದು. ಒಳಚರಂಡಿಯ ಶುದ್ಧೀಕರಣವನ್ನು ಕಡೆಗಣಿಸಿ ಮಾರ್ಜಕವನ್ನಷ್ಟೇ ಬದಲಿಸಿದರೆ ಸಾಲದು. ಶುದ್ಧೀಕರಣವೊಂದನ್ನೇ ನೆಚ್ಚಿ ಮಾರ್ಜಕದ ರಚನೆಯನ್ನು ಮರೆತರೂ ಸಾಲದು. ಎರಡೂ ಒಟ್ಟಿಗೆ ಸಾಗಬೇಕೆಂಬುದೇ ಈ ನೂರು ವರ್ಷಗಳ ಇತಿಹಾಸದ ಒಟ್ಟು ಸೂಚನೆ.